ಬಲ ಅವಳದ್ದು, ಮಾತು ನಡೆಯುವುದು ಇನ್ನೊಬ್ಬರದ್ದು: ಯಾಕೆ?

ಪ್ರಶ್ನೆ: ನಾನು ಬಂಟ್ವಾಳದ ಕಡೆಯವಳು, ಈಗ ಬೆಂಗಳೂರಿನಲ್ಲಿ ಕೆಲಸ. ಬಿಡುವಿನಲ್ಲಿ ಎಂಟು ಕಂತಿನ ಒಂದು ವೆಬ್ ಸರಣಿಗೆ ಚಿತ್ರಕಥೆ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಘಟ್ಟದ ಕೆಳಗಿನ ಒಂದು ಊರಲ್ಲಿ. ಹದಿನೇಳರ ಹುಡುಗಿಯೊಬ್ಬಳಿಗೆ ಮನುಷ್ಯರನ್ನು ಮೀರಿದ ಬಲ ಬರುತ್ತದೆ. ತಲೆಮಾರುಗಳಿಂದ ಇಂಥ ಹುಡುಗಿಯರನ್ನು ‘ನೋಡಿಕೊಂಡು ಬಂದ’ ಒಂದು ಟ್ರಸ್ಟ್ ಇದೆ, ಅದರ ಪರವಾಗಿ ಅವಳಿಗೆ ಕಲಿಸಲು ಒಬ್ಬ ಮೇಷ್ಟ್ರು ಬರುತ್ತಾರೆ. ಇದಕ್ಕೆ ಪ್ರೇರಣೆ ‘ಬಫಿ ದ ವ್ಯಾಂಪೈರ್ ಸ್ಲೇಯರ್’, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಕರಡು ಓದಿದ ನಿರ್ಮಾಪಕರು, ‘ಒಂದೇಟಿಗೆ ಗೋಡೆ ಬೀಳಿಸುವ ಹುಡುಗಿ ಈ ಮುದುಕರ ಮಾತು ಯಾಕೆ ಕೇಳುತ್ತಾಳೆ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ, ಕರಡಿನಲ್ಲಿ ಮೂರು ಕಡೆ ಅವಳು ಮೇಷ್ಟ್ರಿಗೆ ಹೆದರಿ ತಲೆಬಾಗುತ್ತಾಳೆ, ಅಷ್ಟೇ. ಮೇಷ್ಟ್ರನ್ನೇ ಖಳ ಮಾಡಿಬಿಡು ಎಂದು ಸ್ನೇಹಿತರು ಹೇಳುತ್ತಾರೆ, ನನಗೆ ಮನಸ್ಸು ಬರುತ್ತಿಲ್ಲ. ಕೊನೆಯಲ್ಲಿ ಅವಳು ತನ್ನ ಬಲವನ್ನು ಊರಿನ ಹುಡುಗಿಯರಿಗೆಲ್ಲ ಹಂಚುತ್ತಾಳೆ. ಅದು ಬಫಿಯ ನಕಲಾಗುತ್ತದೆಯೇ? ಇನ್ನೊಂದು ಸಂಕಟ: ಆ ಧಾರಾವಾಹಿ ಸೃಷ್ಟಿಸಿದ ಜಾಸ್ ವೀಡನ್ ಮೇಲೆ ಆರೋಪಗಳಿವೆ. ಅಂಥವರ ಕೆಲಸದಿಂದ ಅಧಿಕಾರದ ಬಗ್ಗೆ ಕಲಿಯುವುದು ಸರಿಯೇ?

ಉತ್ತರ: ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಬೇರು ಒಂದೇ. ಬಲ ಇರುವವಳ ಮೇಲೆ ಬಲ ಇಲ್ಲದವರ ಯಜಮಾನಿಕೆ ಹೇಗೆ ನಡೆಯುತ್ತದೆ ಎನ್ನುವುದು ನಿಮ್ಮ ಕರಡಿಗೆ ಇನ್ನೂ ದಕ್ಕಿಲ್ಲ. ಅದು ದಕ್ಕಿದರೆ ಮೇಷ್ಟ್ರು ಎಂಥವರು, ಕೊನೆ ಹೇಗಿರಬೇಕು ಎನ್ನುವುದೂ ಅದರ ಹಿಂದೆಯೇ ಬರುತ್ತದೆ. ನಿರ್ಮಾಪಕರು ಕೇಳಿದ್ದನ್ನು ಕೊಂಕು ಎಂದುಕೊಳ್ಳಬೇಡಿ. ನಾನು ಚಿತ್ರಕಥೆಯ ಕೆಲಸದಲ್ಲೇ ಇರುವವಳು. ಅತಿಮಾನುಷ ಕಥೆಗಳ ಕರಡು ಓದುವಾಗ ನಾನು ಮೊದಲು ಹುಡುಕುವುದೂ ಇದನ್ನೇ.

ನೋಡದವರಿಗಾಗಿ ನಾಲ್ಕು ಮಾತು. ‘ಬಫಿ’ 1997ರ ಮಾರ್ಚ್‌ನಿಂದ 2003ರ ಮೇವರೆಗೆ ಅಮೆರಿಕದ ಟಿ.ವಿ.ಯಲ್ಲಿ ಏಳು ಸೀಸನ್, 144 ಕಂತು ಬಂದ ಧಾರಾವಾಹಿ. ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಕಲ್ಪಿತ ಊರು. ರಕ್ತಪಿಶಾಚಿಗಳನ್ನೂ ದೆವ್ವಗಳನ್ನೂ ಎದುರಿಸಲು ಒಂದು ತಲೆಮಾರಿಗೆ ಒಬ್ಬಳೇ ಹುಡುಗಿ ಹುಟ್ಟುತ್ತಾಳೆ, ಅವಳು ಸ್ಲೇಯರ್. ಅವಳು ಸತ್ತರೆ ಆ ಬಲ ಇನ್ನೊಬ್ಬಳಿಗೆ ಹೋಗುತ್ತದೆ. ಈ ಹುಡುಗಿಯರ ಮೇಲ್ವಿಚಾರಣೆಗೆ ಇಂಗ್ಲೆಂಡಿನಲ್ಲಿ ಒಂದು ಪುರಾತನ ಕೌನ್ಸಿಲ್ ಇದೆ, ಅದರ ಪ್ರತಿನಿಧಿಗಳು ವಾಚರ್‌ಗಳು. ಬಫಿ ಸಮ್ಮರ್ಸ್ ಎಂಬ ಹೈಸ್ಕೂಲು ಹುಡುಗಿಯ ವಾಚರ್ ರೂಪರ್ಟ್ ಗೈಲ್ಸ್, ಶಾಲೆಯ ಗ್ರಂಥಪಾಲಕ.

ಮೊದಲು ಒಂದು ತಪ್ಪು ತಿಳಿವಳಿಕೆ ಕಳೆದುಕೊಳ್ಳೋಣ. ಅತಿಮಾನುಷ ಕಥೆಯಲ್ಲಿ ಹೆಚ್ಚು ಬಲ ಇದ್ದವರದ್ದೇ ಮೇಲುಗೈ ಎಂದು ನಾವು ಸುಮ್ಮನೆ ನಂಬಿಬಿಡುತ್ತೇವೆ. ಬಫಿಯಲ್ಲಿ ಹಾಗಿಲ್ಲ. ಅವಳ ಮುಷ್ಟಿಗೆ ಸಿಗದ ಕೆಲವು ಸಂಗತಿಗಳಿವೆ. ಎದುರಿಗೆ ಬರುವ ಪಿಶಾಚಿಯ ದೌರ್ಬಲ್ಯ ಯಾವ ಪುಸ್ತಕದಲ್ಲಿದೆ ಎಂಬ ಅರಿವು ಗೈಲ್ಸ್ ಹತ್ತಿರ ಇದೆ. ಇದು ನಿನ್ನ ಕರ್ತವ್ಯ, ಹಿಂದಿನವರೆಲ್ಲ ಮಾಡಿದ್ದಾರೆ ಎಂದು ಹೇಳುವ ಪರಂಪರೆಯ ದನಿ ಕೌನ್ಸಿಲ್ಲಿನದು. ಹಣವೂ ಅಲ್ಲಿಯೇ. ಇವೆಲ್ಲಕ್ಕಿಂತ ಹೆಚ್ಚಾಗಿ, ಹದಿಹರೆಯದ ಹುಡುಗಿಗೆ ತಾನು ಯಾರೆಂದು ಗೊತ್ತಿರುವ, ತನ್ನ ಗುಟ್ಟು ಬಲ್ಲ ಒಬ್ಬ ಹಿರಿಯ ಬೇಕು. ಅವಳು ಮಾತು ಕೇಳುವುದು ಈ ಕೊರತೆಗಳಿಂದ. ನಿಮ್ಮ ನಿರ್ಮಾಪಕರಿಗೆ ಕೊಡಬೇಕಾದ ಉತ್ತರ ಇಲ್ಲೇ ಇದೆ. ಪ್ರತಿ ದೃಶ್ಯ ಬರೆಯುವ ಮುಂಚೆ ಹೀಗೆ ಕೇಳಿಕೊಳ್ಳಿ: ಈ ಗಳಿಗೆಯಲ್ಲಿ ಬಲದಿಂದ ಪಡೆಯಲಾಗದ ಯಾವುದು ಅವಳಿಗೆ ಬೇಕು, ಅದು ಯಾರ ಕೈಯಲ್ಲಿದೆ?

ಮೊದಲ ಸೀಸನ್ನಿನ ಕೊನೆಯ ಕಂತನ್ನು ಇನ್ನೊಮ್ಮೆ ನೋಡಿ. ಮಾಸ್ಟರ್ ಎಂಬ ಹಳೆಯ ಪಿಶಾಚಿಯ ಕೈಯಲ್ಲಿ ಸ್ಲೇಯರ್ ಸಾಯುತ್ತಾಳೆ ಎಂಬ ಭವಿಷ್ಯವಾಣಿ ಗೈಲ್ಸ್‌ಗೆ ಸಿಕ್ಕಿದೆ, ಅವನು ಅದನ್ನು ಹೇಳಿಲ್ಲ. ಬಫಿ ಮರೆಯಲ್ಲಿ ಕೇಳಿಸಿಕೊಳ್ಳುತ್ತಾಳೆ. ಪುಸ್ತಕಗಳನ್ನು ಅವನತ್ತ ಎಸೆಯುತ್ತಾಳೆ, ನನಗಿನ್ನೂ ಹದಿನಾರು, ಸಾಯಲು ಇಷ್ಟವಿಲ್ಲ ಎನ್ನುತ್ತಾಳೆ, ಈ ಕೆಲಸವೇ ಬೇಡ ಎಂದು ಹೊರಟುಹೋಗುತ್ತಾಳೆ. ಗೈಲ್ಸ್ ತಡೆಯುವುದಿಲ್ಲ, ತಡೆಯಲು ಅವನಿಂದ ಆಗುವುದೂ ಇಲ್ಲ. ಮರುದಿನ ಗೆಳತಿ ವಿಲೋ ಶಾಲೆಯಲ್ಲಿ ಹೆಣಗಳನ್ನು ಕಂಡು ನಡುಗುತ್ತಿರುತ್ತಾಳೆ. ಬಫಿ ಮನಸ್ಸು ಬದಲಿಸುವುದು ಅವಳ ಮುಖ ನೋಡಿದ ಮೇಲೆ. ಅಷ್ಟರಲ್ಲಿ ಅವಳ ಬದಲು ತಾನೇ ಸಾಯಲು ಹೋಗುತ್ತೇನೆಂದು ಗೈಲ್ಸ್ ಹೊರಟಿದ್ದಾನೆ, ಅವನನ್ನು ಒಂದೇ ಗುದ್ದಿಗೆ ಪ್ರಜ್ಞೆ ತಪ್ಪಿಸಿ ಅವಳು ಹೋಗುತ್ತಾಳೆ. ವಾಚರ್ ಮೇಲೆ ಅವಳ ಮೈಬಲ ಗೆದ್ದ ಗಳಿಗೆ ಅದು, ಮತ್ತು ಅದು ಗೆದ್ದದ್ದು ಅವನನ್ನು ಉಳಿಸುವುದಕ್ಕೆ. ನಿಮ್ಮ ಕರಡಿನಲ್ಲಿ ಹುಡುಗಿ ಮೇಷ್ಟ್ರಿಗೆ ಹೆದರಿ ತಲೆಬಾಗುವ ದೃಶ್ಯಗಳು ಮೂರು ಕಡೆ ಇವೆಯೆಂದು ಬರೆದಿದ್ದೀರಿ. ಅವನ್ನು ತೆಗೆದುಹಾಕಿ. ಹೆದರಿಕೆಯಿಂದ ವಿಧೇಯಳಾಗುವ ಬಲಶಾಲಿಯನ್ನು ಯಾವ ನೋಡುಗನೂ ನಂಬುವುದಿಲ್ಲ.

ಈಗ ಖಳನ ವಿಚಾರ. ನಿಮ್ಮ ಮನಸ್ಸು ಹೇಳಿದ್ದೇ ಸರಿ, ಮೇಷ್ಟ್ರನ್ನು ಖಳ ಮಾಡಬೇಡಿ. ಹಾಗೆಂದು ಅವರನ್ನು ಸಂತನನ್ನಾಗಿಯೂ ಬಿಡಬೇಡಿ. ಇದಕ್ಕೆ ನಾನು ಕಂಡ ಅತ್ಯುತ್ತಮ ಪಾಠ ಮೂರನೇ ಸೀಸನ್ನಿನ ‘ಹೆಲ್ಪ್‌ಲೆಸ್’ ಎಂಬ ಕಂತು. 1999ರ ಜನವರಿಯಲ್ಲಿ ಪ್ರಸಾರವಾದದ್ದು, ಬರೆದದ್ದು ಡೇವಿಡ್ ಫ್ಯೂರಿ. ಕೌನ್ಸಿಲ್ಲಿಗೆ ಒಂದು ಹಳೆಯ ಪರೀಕ್ಷೆ ಇದೆ. ಸ್ಲೇಯರ್‌ಗೆ 18 ತುಂಬುವಾಗ ಅವಳಿಗೆ ತಿಳಿಯದಂತೆ ಔಷಧ ಕೊಟ್ಟು ಬಲ ಕುಂದಿಸಬೇಕು, ಆಮೇಲೆ ಒಂದು ಪಿಶಾಚಿಯ ಜೊತೆ ಮನೆಯೊಂದರಲ್ಲಿ ಕೂಡಿಹಾಕಬೇಕು. ಬುದ್ಧಿಯೊಂದರಿಂದಲೇ ಅವಳು ಗೆದ್ದು ಬರಬೇಕು. ಔಷಧ ಕೊಡಬೇಕಾದವನು ಅವಳ ವಾಚರ್‌ನೇ.

ಆ ಕಂತಿನಲ್ಲಿ ನನ್ನನ್ನು ಬಿಡದೆ ಕಾಡುವುದು ಕೂಡಿಹಾಕಿದ ಮನೆಯ ಹೊಡೆದಾಟವಲ್ಲ, ಅದಕ್ಕಿಂತ ಮುಂಚಿನ ಒಂದು ಸಣ್ಣ ಸಂಗತಿ. ಪ್ರತಿ ಹುಟ್ಟುಹಬ್ಬಕ್ಕೆ ಬಫಿಯನ್ನು ಐಸ್ ಷೋಗೆ ಕರೆದೊಯ್ಯುತ್ತಿದ್ದ ಅಪ್ಪ ಈ ಸಲ ಬರುವುದಿಲ್ಲ ಎಂದು ತಿಳಿಸಿದ್ದಾನೆ. ಗ್ರಂಥಾಲಯದಲ್ಲಿ ಹರಳುಗಳ ಮುಂದೆ ಕೂತ ಬಫಿ, ಯಾರಾದರೂ ಬಿಡುವಾಗಿದ್ದರೆ ತಮ್ಮ ಮಗಳನ್ನೋ ಶಿಷ್ಯೆಯನ್ನೋ ಕರೆದುಕೊಂಡು ಹೋಗಬಹುದಲ್ಲ ಎಂದು ಸುತ್ತುಬಳಸಿ ಹೇಳುತ್ತಾಳೆ. ಗೈಲ್ಸ್‌ಗೆ ಅದು ಕಿವಿಗೇ ಬೀಳುವುದಿಲ್ಲ. ಹರಳಿನ ಮೇಲೆ ಗಮನ ಇಡು ಎನ್ನುತ್ತಾನೆ. ಅವಳು ಹರಳನ್ನು ದಿಟ್ಟಿಸುತ್ತ ಮೈಮರೆಯುತ್ತಾಳೆ. ಅವನು ಪೆಟ್ಟಿಗೆಯಿಂದ ಸಿರಿಂಜು ತೆಗೆದು ಅವಳ ತೋಳಿಗೆ ಚುಚ್ಚುತ್ತಾನೆ. ಮಗಳ ಜಾಗ ಕೊಡು ಎಂದು ಅವಳು ಕೇಳಿದ ಮೇಲೆ ಕೆಲವೇ ಕ್ಷಣಗಳಲ್ಲಿ ಇದು ನಡೆಯುತ್ತದೆ. ಗೈಲ್ಸ್‌ನ ಮುಖದಲ್ಲಿ ಕ್ರೌರ್ಯದ ಸುಳಿವಿಲ್ಲ, ಮನಸ್ಸಿಲ್ಲದ ಮನಸ್ಸಿನಿಂದ ಕರ್ತವ್ಯ ಮುಗಿಸುತ್ತಿರುವ ನೌಕರನ ಮುಖ ಅದು. ಅಧಿಕಾರ ಒಳ್ಳೆಯವರ ಕೈಯಿಂದ ಕೆಟ್ಟ ಕೆಲಸ ಹೇಗೆ ಮಾಡಿಸುತ್ತದೆ ಎನ್ನುವುದನ್ನು ಇಷ್ಟು ಚಿಕ್ಕ ದೃಶ್ಯದಲ್ಲಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಪಿಶಾಚಿ ತಪ್ಪಿಸಿಕೊಂಡ ಮೇಲೆ ಗೈಲ್ಸ್ ನಿಯಮ ಮುರಿದು ಅವಳಿಗೆ ಸತ್ಯ ಹೇಳುತ್ತಾನೆ. ಅವಳು ಅವನನ್ನು ಅಪರಿಚಿತನನ್ನು ನೋಡುವಂತೆ ನೋಡುತ್ತಾಳೆ. ಕೊನೆಗೆ ಪಿಶಾಚಿ ಗುಳಿಗೆ ನುಂಗುವಾಗ ಪವಿತ್ರ ಜಲ ಕುಡಿಯುವಂತೆ ಮಾಡಿ ಗೆಲ್ಲುತ್ತಾಳೆ. ಆಗ ಕೌನ್ಸಿಲ್ಲಿನ ಮುಖ್ಯಸ್ಥ ಕ್ವೆಂಟಿನ್ ಟ್ರಾವರ್ಸ್, ಹುಡುಗಿ ತೇರ್ಗಡೆಯಾದಳು, ಅನುತ್ತೀರ್ಣನಾದವನು ನೀನು ಎಂದು ಗೈಲ್ಸ್‌ನನ್ನು ಕೆಲಸದಿಂದ ತೆಗೆಯುತ್ತಾನೆ. ಕಾರಣ, ಅವನಿಗೆ ಹುಡುಗಿಯ ಮೇಲೆ ತಂದೆಯ ಪ್ರೀತಿ ಹುಟ್ಟಿದೆ, ಅದು ಕೆಲಸಕ್ಕೆ ಬಾರದ್ದು. ನಿಮ್ಮ ಮೇಷ್ಟ್ರಿಗೂ ಇಂಥ ಒಂದು ಚುಚ್ಚುಮದ್ದಿನ ಗಳಿಗೆ ಬೇಕು. ಅವರು ಟ್ರಸ್ಟಿನ ಮಾತಿಗೆ ಕಟ್ಟುಬಿದ್ದು ಹುಡುಗಿಗೆ ಏನನ್ನು ಮಾಡುತ್ತಾರೆ, ಮಾಡುವಾಗ ಏನೆಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ? ಅದನ್ನು ಬರೆದರೆ ಖಳನ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು: ಟ್ರಸ್ಟಿನ ಹಿಡಿತ ಹುಡುಗಿಯ ಮೇಲೆ ನೇರವಾಗಿ ಬೇಕಿಲ್ಲ, ಮೇಷ್ಟ್ರ ಮೇಲಿದ್ದರೆ ಸಾಕು. ಐದನೇ ಸೀಸನ್ನಿನ ‘ಚೆಕ್‌ಪಾಯಿಂಟ್’ ಕಂತಿನಲ್ಲಿ, 2001ರ ಜನವರಿಯದು, ಕೌನ್ಸಿಲ್ ದಂಡು ಕಟ್ಟಿಕೊಂಡು ಸನ್ನಿಡೇಲಿಗೆ ಬರುತ್ತದೆ. ಗ್ಲೋರಿ ಎಂಬ ಶತ್ರುವಿನ ಬಗ್ಗೆ ಮಾಹಿತಿ ಇದೆ, ಆದರೆ ಬಫಿ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಮಾತ್ರ ಕೊಡುತ್ತೇವೆ ಎನ್ನುತ್ತದೆ. ಒಪ್ಪದಿದ್ದರೆ ಗೈಲ್ಸ್ ನಡೆಸುವ ಅಂಗಡಿ ಮುಚ್ಚಿಸುತ್ತೇವೆ, ಅವನನ್ನು ಅಮೆರಿಕದಿಂದಲೇ ಹೊರಗೆ ಹಾಕಿಸುತ್ತೇವೆ ಎಂದು ಬೆದರಿಸುತ್ತದೆ. ಮಾಹಿತಿ, ವೀಸಾ, ಅಂಗಡಿ. ಇವುಗಳಲ್ಲಿ ಒಂದನ್ನೂ ಗುದ್ದಿ ಬೀಳಿಸಲು ಆಗುವುದಿಲ್ಲ. ಬಫಿ ಆ ಕಂತಿಡೀ ತಡವರಿಸುತ್ತಾಳೆ. ಕೊನೆಗೆ ಅವಳಿಗೆ ಹೊಳೆಯುತ್ತದೆ: ಇಷ್ಟು ದೂರದಿಂದ ಇವರು ಬಂದದ್ದೇ ತನ್ನ ಅಗತ್ಯ ಇರುವುದರಿಂದ. ಸ್ಲೇಯರ್ ಇಲ್ಲದ ವಾಚರ್‌ಗಳಿಗೆ ಮಾಡಲು ಕೆಲಸವೇ ಇಲ್ಲ. ಅದನ್ನು ಅವರ ಮುಖಕ್ಕೇ ಹೇಳುತ್ತಾಳೆ. ನಡುವೆ ಬಾಯಿ ಹಾಕಿದವನ ಕಡೆಗೆ ಕತ್ತಿ ಎಸೆದು ಸುಮ್ಮನಾಗಿಸುತ್ತಾಳೆ. ಗೈಲ್ಸ್‌ನನ್ನು ಮತ್ತೆ ನೇಮಿಸಿ, ತೆಗೆದುಹಾಕಿದ ತಿಂಗಳಿಂದ ಸಂಬಳ ಕೊಡಿ ಎಂದು ಪಟ್ಟು ಹಿಡಿದು ಗೆಲ್ಲುತ್ತಾಳೆ.

ಅಭಿಮಾನಿಗಳೆಲ್ಲ ಚಪ್ಪಾಳೆ ತಟ್ಟುವ ಜಾಗ ಇದು. ನನಗೆ ಮಾತ್ರ ಇಲ್ಲೊಂದು ಕಡೆ ಮುಳ್ಳು ತಾಗುತ್ತದೆ. ಅವಳು ಸಂಬಳ ಕೇಳಿದ್ದು ಗೈಲ್ಸ್‌ಗೆ, ತನಗಲ್ಲ. ಮುಂದಿನ ಸೀಸನ್ನಿಗೆ ಅಮ್ಮ ತೀರಿಕೊಂಡಿದ್ದಾಳೆ, ತಂಗಿ ಡಾನ್‌ಳ ಹೊಣೆ ಇದೆ. ಮನೆಯ ಪೈಪು ಒಡೆದು ನೆಲಮಾಳಿಗೆ ತುಂಬ ನೀರು. ಬಫಿ ಬ್ಯಾಂಕಿಗೆ ಸಾಲ ಕೇಳಲು ಹೋಗುತ್ತಾಳೆ, ಆಧಾರವಿಲ್ಲವೆಂದು ಬ್ಯಾಂಕು ಕೊಡುವುದಿಲ್ಲ. ಅಲ್ಲಿಗೆ ನುಗ್ಗಿದ ದೆವ್ವವನ್ನು ಎದುರಿಸಿದ ಮೇಲೂ ಕೊಡುವುದಿಲ್ಲ. ಜನರನ್ನು ಉಳಿಸುವುದಕ್ಕೆ ಶುಲ್ಕ ತಗೋ ಎಂದು ಗೆಳೆಯರ ಗುಂಪಿನ ಆನ್ಯಾ ಹೇಳಿದರೆ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಜಗತ್ತನ್ನು ಹಲವು ಸಲ ಉಳಿಸಿದವಳು ಕೊನೆಗೆ ಬರ್ಗರ್ ಅಂಗಡಿಯ ಸಮವಸ್ತ್ರ ತೊಡುತ್ತಾಳೆ. ಕಾಯುವವನಿಗೆ ಸಂಬಳ, ಕಾದಾಡುವವಳಿಗೆ ಕರ್ತವ್ಯ: ಕೌನ್ಸಿಲ್ಲಿನ ಈ ಲೆಕ್ಕವನ್ನು ಬಫಿ ತನ್ನ ಅತಿ ದೊಡ್ಡ ಗೆಲುವಿನ ದಿನವೂ ಮುಟ್ಟಲಿಲ್ಲ.

ನೀವು ತುಳುನಾಡಿನವರು, ಇಂಥ ಲೆಕ್ಕ ನಿಮಗೆ ಹೊಸದಲ್ಲ. ದೈವಾರಾಧನೆಯ ನೇಮದ ರಾತ್ರಿ ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನ ದೈವದ ಎದುರು ಕೈಮುಗಿದು ನಿಲ್ಲುತ್ತಾನೆ, ತಪ್ಪಿದ್ದರೆ ಊರವರ ಮುಂದೆ ನುಡಿ ಕೇಳಿಸಿಕೊಳ್ಳುತ್ತಾನೆ. ಆ ನುಡಿ ಬರುವುದು ದೈವ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯದವರ ಬಾಯಿಂದ. ಬಣ್ಣ ಅಳಿಸಿ ಕಾಲಿನ ಗಗ್ಗರ ಬಿಚ್ಚಿದ ಮೇಲೆ ಜಾತಿಯ ಮೇಲು ಕೀಳು ಮೊದಲಿದ್ದಲ್ಲಿಗೇ ಮರಳುವುದನ್ನು ನೀವು ಕಂಡೇ ಇರುತ್ತೀರಿ. 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿದ್ದು 2022ರ ಅಕ್ಟೋಬರ್‌ನಲ್ಲಿ. ಇದನ್ನು ಹೇಳಿದ್ದು ನಿಮ್ಮ ಹುಡುಗಿಯ ಬಲವನ್ನು ದೈವದ್ದೆಂದು ಬರೆಯಿರಿ ಎನ್ನುವುದಕ್ಕಲ್ಲ. ಅದು ಜನರ ಜೀವಂತ ನಂಬಿಕೆ, ಕಟ್ಟುಕಟ್ಟಳೆ ತಿಳಿಯದೆ ಕೈ ಹಾಕಿದರೆ ನೋವಾಗುವುದು ಅದನ್ನೇ ಬದುಕುತ್ತಿರುವವರಿಗೆ. ಹೇಳಬೇಕೆನಿಸಿದ್ದು ಇಷ್ಟು: ಶಕ್ತಿ ಮೈಮೇಲೆ ಬರುವವರು ಒಬ್ಬರು, ಆ ಶಕ್ತಿ ಯಾವ ದಿನ, ಯಾರ ಅಂಗಳದಲ್ಲಿ, ಯಾರ ಖರ್ಚಿನಲ್ಲಿ ಪ್ರಕಟವಾಗಬೇಕೆಂದು ನಿರ್ಧರಿಸುವವರು ಇನ್ನೊಬ್ಬರು. ಇದನ್ನು ಬರೆಯಲು ನಿಮಗೆ ಸನ್ನಿಡೇಲಿನವರೆಗೆ ಹೋಗಬೇಕಾಗಿಲ್ಲ. ನಿಮ್ಮ ಟ್ರಸ್ಟಿಗೆ ಕಪ್ಪು ನಿಲುವಂಗಿ, ದೀಪ, ಮಂತ್ರಗಳ ಬದಲು ಒಂದು ಆಡಿಟ್ ಆದ ಲೆಕ್ಕಪುಸ್ತಕ ಕೊಡಿ. ಹುಡುಗಿ ಅದರಲ್ಲಿ ಯಾವ ಖಾತೆಯ ಕೆಳಗೆ ಬರುತ್ತಾಳೆ ಎಂದು ಯೋಚಿಸಿ.

ಎರಡನೇ ತಪ್ಪು ತಿಳಿವಳಿಕೆ: ಬಫಿ ಅಧಿಕಾರದ ವಿರುದ್ಧದ ಕಥೆ, ಅದರಲ್ಲಿ ಹಿರಿಯರೆಲ್ಲ ಕೆಟ್ಟವರು. ಫೇತ್‌ಳ ಕಥೆಯನ್ನು ಗಮನಿಸಿದವರು ಹೀಗೆ ಹೇಳಲಾರರು. ಮೂರನೇ ಸೀಸನ್ನಿನಲ್ಲಿ ಬರುವ ಇವಳು ಎರಡನೇ ಸ್ಲೇಯರ್, ಬಫಿ ಒಮ್ಮೆ ಕೆಲ ಗಳಿಗೆ ಸತ್ತು ಬದುಕಿದ್ದರಿಂದ ಬಲ ಇನ್ನೊಬ್ಬಳಿಗೂ ಹೋಗಿತ್ತು. ಇವಳಿಗೆ ಮನೆಯಿಲ್ಲ, ಅಗ್ಗದ ಮೋಟೆಲ್ ಕೋಣೆಯಲ್ಲಿ ವಾಸ. ಕೈತಪ್ಪಿ ಒಬ್ಬ ಮನುಷ್ಯನನ್ನು ಕೊಂದಾಗ ಅವಳ ಜೊತೆ ಕೂತು ಮಾತಾಡುವವರು ಬೇಕಿತ್ತು. ಬಫಿಯ ಪ್ರಿಯಕರ ಏಂಜಲ್ ಅಂಥ ಮಾತು ಶುರುಮಾಡಿ, ಅವಳು ಇನ್ನೇನು ಮನಸ್ಸು ಬಿಚ್ಚಬೇಕು ಎನ್ನುವಾಗ ಹೊಸ ವಾಚರ್ ವೆಸ್ಲಿ ಕೌನ್ಸಿಲ್ಲಿನ ಆಳುಗಳೊಂದಿಗೆ ನುಗ್ಗಿ ಅವಳನ್ನು ಹಿಡಿದೊಯ್ಯುತ್ತಾನೆ. ಅವಳು ತಪ್ಪಿಸಿಕೊಂಡು ಕೊನೆಗೆ ಹೋಗಿ ಸೇರುವುದು ಊರಿನ ಮೇಯರ್ ಬಳಿಗೆ. ಮೇಯರ್ ವಿಲ್ಕಿನ್ಸ್ ಆ ಸೀಸನ್ನಿನ ಮಹಾ ಖಳ, ದೈತ್ಯ ಹಾವಾಗಿ ಊರನ್ನೇ ನುಂಗಲು ಹೊರಟವನು. ಅವಳಿಗೆ ಒಳ್ಳೆಯ ಮನೆ, ಆಟ ಆಡಲು ಪ್ಲೇಸ್ಟೇಷನ್ ಕೊಟ್ಟವನೂ ಅವನೇ. ಅವನ ಪ್ರೀತಿ ನಾಟಕವಲ್ಲ. ಫೇತ್ ಆಸ್ಪತ್ರೆಯಲ್ಲಿ ಕೋಮಾಕ್ಕೆ ಜಾರಿದಾಗ ಅವನು ಅಲ್ಲೇ ಬಫಿಯ ಮೂಗುಬಾಯಿ ಒತ್ತಿ ಕೊಲ್ಲಲು ಹೋಗುತ್ತಾನೆ. ಬಫಿ ಅವನನ್ನು ಸೋಲಿಸುವುದೂ ಆ ಪ್ರೀತಿಯನ್ನೇ ಕೆಣಕಿ.

ಇಬ್ಬರು ಹುಡುಗಿಯರಿಗೂ ಬಲ ಸಮ. ಒಬ್ಬಳಿಗೆ ಅಮ್ಮ, ಗೆಳೆಯರು, ತಪ್ಪು ಮಾಡಿದರೂ ತಪ್ಪೊಪ್ಪಿಕೊಳ್ಳುವ ಗೈಲ್ಸ್ ಇದ್ದರು. ಇನ್ನೊಬ್ಬಳಿಗೆ ಮೊದಲು ಅಕ್ಕರೆ ತೋರಿದವನು ರಾಕ್ಷಸ. ಅಧಿಕಾರವೇ ಕೆಟ್ಟದ್ದು ಎಂದು ಈ ಧಾರಾವಾಹಿ ಎಲ್ಲೂ ಹೇಳುವುದಿಲ್ಲ. ಕೌನ್ಸಿಲ್ ಆರೈಕೆ ಮಾಡದೆ ಬಿಟ್ಟ ಜಾಗಕ್ಕೆ ಮೇಯರ್ ಬಂದು ಕೂತ, ಅಷ್ಟೇ. ನಿಮ್ಮ ಕಥೆಯಲ್ಲಿ ಖಳ ಬೇಕೇ ಬೇಕಾದರೆ ಅವನನ್ನು ಈ ಜಾಗದಲ್ಲಿ ಹುಡುಕಿ: ಹುಡುಗಿಗೆ ಊಟ ಆಯಿತೇ ಎಂದು ಮೊದಲು ಕೇಳುವವನು.

ಮೂರನೆಯದು ಬರಹಗಾರರಿಗೆ ಕಷ್ಟದ್ದು. ನಾಯಕಿಯ ಕೈಗೆ ಅಧಿಕಾರ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಏಳನೇ ಸೀಸನ್ನಿನಲ್ಲಿ ಕೌನ್ಸಿಲ್ಲಿನ ಲಂಡನ್ ಕಚೇರಿ ಸ್ಫೋಟದಲ್ಲಿ ನಾಶವಾಗುತ್ತದೆ. ಮುಂದೆ ಸ್ಲೇಯರ್ ಆಗಬಹುದಾದ ಹುಡುಗಿಯರೆಲ್ಲ ಬಫಿಯ ಮನೆಗೆ ಬಂದು ತುಂಬಿಕೊಳ್ಳುತ್ತಾರೆ. ಈಗ ಆದೇಶ ಕೊಡುವವಳು ಬಫಿ. ಅವಳ ಭಾಷಣಗಳು ಉದ್ದವಾಗುತ್ತವೆ, ದನಿ ಗಡಸಾಗುತ್ತದೆ. ಆ ಸೀಸನ್ನಿನ ಆರಂಭದಲ್ಲೇ, ಕೊನೆಗೆ ಗೆರೆ ಎಳೆಯಬೇಕಾದವಳು ನಾನೇ, ಕಾನೂನು ಅಂದರೆ ನಾನೇ ಎಂದಿದ್ದಾಳೆ. ಅವಳ ಮಾತು ನಂಬಿ ದ್ರಾಕ್ಷಿತೋಟದ ನೆಲಮಾಳಿಗೆಗೆ ನುಗ್ಗಿದಾಗ ಹುಡುಗಿಯರು ಸಾಯುತ್ತಾರೆ, ಗೆಳೆಯ ಜ್ಯಾಂಡರ್ ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ಮತ್ತೆ ಅಲ್ಲಿಗೇ ಹೋಗೋಣ ಎಂದಾಗ ಎಲ್ಲರೂ ತಿರುಗಿಬೀಳುತ್ತಾರೆ. ಇದು ನನ್ನ ಮನೆಯೂ ಹೌದು, ನೀನು ಹೊರಡು ಎಂದು ಹೇಳುವವಳು ಸ್ವಂತ ತಂಗಿ.

ಬಫಿ ಹೇಳಿದ್ದು ನಿಜವಾಗಿತ್ತು, ಆ ತೋಟದಲ್ಲಿ ಶತ್ರು ಏನನ್ನೋ ಬಚ್ಚಿಟ್ಟಿದ್ದ. ಆಮೇಲೆ ಒಬ್ಬಳೇ ಹೋಗಿ ಅಲ್ಲಿಂದ ಹಳೆಯ ಆಯುಧವನ್ನು ತರುತ್ತಾಳೆ. ಅಂದರೆ ಅವಳ ಊಹೆ ಸರಿ, ಅದನ್ನು ಹೇರಿದ ರೀತಿ ತಪ್ಪು, ಅವಳನ್ನು ಹೊರಹಾಕಿದವರ ನೋವೂ ಸರಿ. ಬಹಳ ಅಭಿಮಾನಿಗಳಿಗೆ ಈ ಕಂತಿನ ಮೇಲೆ ಇಂದಿಗೂ ಸಿಟ್ಟು. ನನ್ನ ಮಟ್ಟಿಗೆ ಆ ಸೀಸನ್ನಿನ ಅತ್ಯಂತ ಪ್ರಾಮಾಣಿಕ ಬರವಣಿಗೆ ಅಲ್ಲಿದೆ.

ಇನ್ನು ನಿಮ್ಮ ಕೊನೆ. 2003ರ ಮೇ 20ರಂದು ಪ್ರಸಾರವಾದ ಅಂತಿಮ ಕಂತಿನಲ್ಲಿ ವಿಲೋಳ ಮಾಂತ್ರಿಕತೆಯಿಂದ ಜಗತ್ತಿನ ಎಲ್ಲ ಸಂಭಾವ್ಯ ಸ್ಲೇಯರ್‌ಗಳಿಗೂ ಬಲ ಸಿಗುತ್ತದೆ. ಹಂಚುವ ಕಲ್ಪನೆ ಬಫಿಯದೊಂದೇ ಸ್ವತ್ತಲ್ಲ, ನಕಲಿನ ಭಯ ಬಿಡಿ. ನಿಮಗೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅದೇ ಸೀಸನ್ನಿನಲ್ಲಿ ಮೊದಲ ಸ್ಲೇಯರ್ ಹುಟ್ಟಿದ ಬಗೆಯನ್ನು ತೋರಿಸುತ್ತಾರೆ. ಪುರಾತನ ಕಾಲದ ಕೆಲವು ಗಂಡಸರು ಒಬ್ಬ ಹುಡುಗಿಯನ್ನು ಸರಪಳಿಯಲ್ಲಿ ಕಟ್ಟಿ, ಅವಳೊಳಗೆ ದೆವ್ವದ ಅಂಶವನ್ನು ಬಲವಂತವಾಗಿ ತುಂಬಿದರು. ಅವಳ ಒಪ್ಪಿಗೆ ಕೇಳಲಿಲ್ಲ. ಬಫಿಗೆ ಅದೇ ಗಂಡಸರು ಇನ್ನಷ್ಟು ಬಲ ಕೊಡಲು ಬಂದಾಗ ಅವಳು ನಿರಾಕರಿಸುತ್ತಾಳೆ. ಅಂಥವಳು ಕೊನೆಯಲ್ಲಿ ಏನು ಮಾಡುತ್ತಾಳೆ? ತನ್ನ ಮನೆಯಲ್ಲಿರುವ ಹುಡುಗಿಯರನ್ನು ಕೇಳುತ್ತಾಳೆ, ಆಯ್ಕೆ ನಿಮ್ಮದು ಎನ್ನುತ್ತಾಳೆ. ದೂರದೂರದ ಊರುಗಳಲ್ಲಿ ಬೇಸ್‌ಬಾಲ್ ಆಡುತ್ತಿರುವ, ಊಟದ ಮೇಜಿನ ಮುಂದೆ ಕೂತಿರುವ ಹುಡುಗಿಯರನ್ನು ಯಾರೂ ಕೇಳಿಲ್ಲ, ಅವರಿಗೆ ಇದ್ದಕ್ಕಿದ್ದಂತೆ ಬಲ ಬಂದುಬಿಡುತ್ತದೆ. ಆ ದೃಶ್ಯ ನೋಡುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ, ಈ ಪ್ರಶ್ನೆಯೂ ಏಳುತ್ತದೆ. ಇದು ಬರಹಗಾರರಿಗೂ ಹೊಳೆದಿರಬೇಕು. ಜೋಡಿ ಧಾರಾವಾಹಿ ‘ಏಂಜಲ್’ನ ಐದನೇ ಸೀಸನ್ನಿನಲ್ಲಿ ಡೇನಾ ಎಂಬ ಹುಡುಗಿ ಬರುತ್ತಾಳೆ. ಬಾಲ್ಯದಲ್ಲಿ ಚಿತ್ರಹಿಂಸೆ ಉಂಡು ಮಾನಸಿಕ ಆಸ್ಪತ್ರೆಯಲ್ಲಿದ್ದವಳಿಗೆ ಈ ಬಲ ಬಂದು ಏನಾಯಿತೆಂಬುದೇ ಆ ಕಂತು.

ಹಾಗಾದರೆ ನಿಮ್ಮ ಮುಂದೆ ಯಾವ ದಾರಿಗಳಿವೆ? ಮೇಷ್ಟ್ರನ್ನು ಖಳ ಮಾಡುವ ದಾರಿ ಎಲ್ಲಕ್ಕಿಂತ ಸುಲಭ, ಆರನೇ ಕಂತಿಗೆ ಒಂದು ಒಳ್ಳೆಯ ತಿರುವೂ ಸಿಗುತ್ತದೆ. ಆದರೆ ಆಮೇಲೆ ಟ್ರಸ್ಟಿನ ತಪ್ಪೆಲ್ಲ ಒಬ್ಬ ಮನುಷ್ಯನ ತಲೆಗೆ ಬರುತ್ತದೆ. ಅವನು ಸತ್ತ ಕೂಡಲೇ ವ್ಯವಸ್ಥೆ ಶುದ್ಧವಾಯಿತು ಎಂದು ನೋಡುಗರು ಎದ್ದು ಹೋಗುತ್ತಾರೆ. ಹುಡುಗಿ ಟ್ರಸ್ಟನ್ನೇ ಬಿಟ್ಟು ಒಂಟಿಯಾಗಿ ಹೋರಾಡುವ ದಾರಿಯೂ ಇದೆ. ಬಫಿ ಮೂರನೇ ಸೀಸನ್ನಿನ ಕೊನೆಯಲ್ಲಿ ಕೌನ್ಸಿಲ್ ಬಿಡುತ್ತಾಳಲ್ಲ, ಹಾಗೆ. ಆದರೆ ಅವಳಿಗೆ ಆಮೇಲೂ ನಾಲ್ಕು ಸೀಸನ್ ಇದ್ದವು, ಬಿಟ್ಟದ್ದರ ಬೆಲೆ ಏನೆಂದು ತೋರಿಸಲು ಜಾಗ ಇತ್ತು. ಎಂಟು ಕಂತಿನಲ್ಲಿ ಆ ವಿರಾಮ ನಿಮಗಿಲ್ಲ, ಬಿಡುವುದೇ ಗೆಲುವು ಎಂಬಂತೆ ಕಂಡುಬಿಡುವ ಅಪಾಯ ಇದೆ.

ನನ್ನ ಒಲವು ಮೂರನೆಯ ದಾರಿಯ ಕಡೆಗೆ. ಮೇಷ್ಟ್ರು ಪ್ರೀತಿಸುವವರು, ಟ್ರಸ್ಟಿಗೆ ಕಟ್ಟುಬಿದ್ದವರು, ಮೂರನೇ ಕಂತಿನಲ್ಲಿ ಹುಡುಗಿಗೆ ದ್ರೋಹ ಮಾಡುವವರು. ಮುಂದೆ ಅವಳು ಅವರನ್ನು ಪೂರ್ತಿ ಕ್ಷಮಿಸಬೇಕಾಗಿಲ್ಲ, ಪೂರ್ತಿ ಬಿಡಬೇಕಾಗಿಯೂ ಇಲ್ಲ. ಏಳನೇ ಸೀಸನ್ನಿನಲ್ಲಿ ಗೈಲ್ಸ್ ಬಫಿಯ ಬೆನ್ನ ಹಿಂದೆ, ಅವಳ ಪಕ್ಷಕ್ಕೆ ಬಂದ ಪಿಶಾಚಿ ಸ್ಪೈಕ್‌ನನ್ನು ಕೊಲ್ಲಿಸಲು ಸಂಚು ಹೂಡಿದ ಮೇಲೆ, ನೀನು ಕಲಿಸಬೇಕಾದ್ದೆಲ್ಲ ಕಲಿಸಿಯಾಯಿತು ಎಂದು ಅವಳು ಬಾಗಿಲು ಹಾಕುತ್ತಾಳೆ. ಆದರೂ ಕೊನೆಯ ಯುದ್ಧದಲ್ಲಿ ಇಬ್ಬರೂ ಒಂದೇ ಕಡೆ ಇರುತ್ತಾರೆ. ಈ ದಾರಿಗೂ ಒಂದು ಅಪಾಯ ಇದೆ. ಗುರು ಏನು ಮಾಡಿದರೂ ಶಿಷ್ಯೆಯ ಒಳ್ಳೆಯದಕ್ಕೇ ಎಂದು ನಮ್ಮ ನೋಡುಗರು ಬೇಗ ಒಪ್ಪಿಬಿಡುತ್ತಾರೆ. ಸಂಗೀತ ಪಾಠದಿಂದ ಹಿಡಿದು ಕೋಚಿಂಗ್ ಸೆಂಟರ್‌ವರೆಗೆ ಆ ಮಾತಿನ ಬಲದಲ್ಲಿ ಏನೇನು ನಡೆಯುತ್ತದೆಂದು ನಿಮಗೂ ಗೊತ್ತು. ಹಾಗಾಗಿ ದ್ರೋಹದ ದೃಶ್ಯವನ್ನು ಮೇಷ್ಟ್ರ ಕಣ್ಣಿಂದ ಬರೆಯಬೇಡಿ, ಹಿನ್ನೆಲೆಗೆ ಕರುಣೆಯ ಸಂಗೀತ ಸೂಚಿಸಬೇಡಿ. ಕ್ಯಾಮೆರಾ ಹುಡುಗಿಯ ತೋಳಿನ ಮೇಲೆ ಇರಲಿ.

ವೀಡನ್ ವಿಷಯ. ಬಫಿಯಲ್ಲಿ ನಟಿಸಿದ್ದ ಕರಿಸ್ಮಾ ಕಾರ್ಪೆಂಟರ್ 2021ರ ಫೆಬ್ರುವರಿಯಲ್ಲಿ, ತಾನು ಗರ್ಭಿಣಿಯಾಗಿದ್ದಾಗಲೂ ಸೇರಿದಂತೆ, ವೀಡನ್ ಕೆಲಸದ ಜಾಗದಲ್ಲಿ ಅಧಿಕಾರ ದುರುಪಯೋಗ ಮಾಡಿಕೊಂಡರೆಂದು ಬಹಿರಂಗವಾಗಿ ಹೇಳಿದರು. ಆ್ಯಂಬರ್ ಬೆನ್ಸನ್, ಮಿಷೆಲ್ ಟ್ರಾಕ್ಟನ್‌ಬರ್ಗ್ ಎಂಬ ಸಹನಟಿಯರು ಅವರ ಜೊತೆ ನಿಂತರು. ಬಫಿಯ ಪಾತ್ರ ಮಾಡಿದ ಸಾರಾ ಮಿಷೆಲ್ ಗೆಲ್ಲರ್, ಬಫಿಯ ಹೆಸರಿನ ಜೊತೆ ಗುರುತಿಸಿಕೊಳ್ಳಲು ಹೆಮ್ಮೆಯಿದೆ, ವೀಡನ್ ಹೆಸರಿನ ಜೊತೆ ಶಾಶ್ವತವಾಗಿ ಗುರುತಿಸಿಕೊಳ್ಳಲು ಇಷ್ಟವಿಲ್ಲ ಎಂಬರ್ಥದ ಮಾತು ಹೇಳಿದರು. ಮರುವರ್ಷ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ವೀಡನ್ ಹಲವು ಆರೋಪಗಳನ್ನು ಅಲ್ಲಗಳೆದರು. ನನಗೆ ಗೆಲ್ಲರ್ ಹಾಕಿದ ಗೆರೆಯೇ ಒಪ್ಪಿತ. ಆ ಧಾರಾವಾಹಿಯನ್ನು ಅನೇಕರು ಸೇರಿ ಬರೆದರು: ‘ಚೆಕ್‌ಪಾಯಿಂಟ್’ ಜೇನ್ ಎಸ್ಪೆನ್ಸನ್ ಮತ್ತು ಡಗ್ ಪೆಟ್ರಿ ಅವರದ್ದು. ಅದನ್ನು ಮೈಮೇಲೆ ಹೊತ್ತು ನಡೆಸಿದವರು ಆ ನಟಿಯರು. ಅವರ ಕೆಲಸದಿಂದ ಕಲಿಯಲು ಹಿಂಜರಿಯಬೇಡಿ. ಜೊತೆಗೆ, ನಿಮ್ಮ ಸರಣಿ ಸೆಟ್‌ಗೆ ಹೋದ ದಿನ ಹದಿನೇಳರ ಪಾತ್ರ ಮಾಡುವ ಹುಡುಗಿಗೆ ಕೆಲಸದ ಗಂಟೆ ಎಷ್ಟು, ಯಾರ ವಿರುದ್ಧ ಯಾರಿಗೆ ದೂರು ಕೊಡಬಹುದು ಎನ್ನುವುದು ಕಾಗದದ ಮೇಲೆ ಇದೆಯೇ ಎಂದು ಬರಹಗಾರ್ತಿಯಾಗಿ ನೀವೂ ಕೇಳಿ.

ನಿಮ್ಮ ಕರಡಿನ ಎಂಟನೇ ಕಂತಿಗೆ ನನ್ನದೊಂದು ಸಲಹೆ ಇದೆ. ಹುಡುಗಿ ಬಲವನ್ನು ಹಂಚಲಿ, ಆದರೆ ಒಂದೇ ಮಂತ್ರಕ್ಕೆ ಊರಿಗೆಲ್ಲ ಅಲ್ಲ. ಮನೆಮನೆಗೆ ಹೋಗಿ ಕೇಳಲಿ. ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ, ಟ್ರಸ್ಟಿನವರು ತನಗೆ ಏನೇನು ಹೇಳಿರಲಿಲ್ಲ ಎಂಬುದನ್ನೆಲ್ಲ ಅವಳು ಬಾಯಿಬಿಟ್ಟು ಹೇಳಬೇಕು. ಕೆಲವರು ಹೂಂ ಎನ್ನಲಿ. ಒಬ್ಬಳಾದರೂ, ಅವಳ ಅತಿ ಹತ್ತಿರದ ಗೆಳತಿಯೇ ಆದರೆ ಇನ್ನೂ ಒಳ್ಳೆಯದು, ನನಗೆ ಬೇಡ ಎನ್ನಲಿ. ಆ ‘ಬೇಡ’ವನ್ನು ನಿಮ್ಮ ನಾಯಕಿ ಹೇಗೆ ತೆಗೆದುಕೊಳ್ಳುತ್ತಾಳೆ ಎಂಬ ದೃಶ್ಯವನ್ನು ಮೊದಲು ಬರೆಯಿರಿ, ಉಳಿದ ಏಳು ಕಂತನ್ನು ಅದಕ್ಕೆ ತಕ್ಕಂತೆ ತಿದ್ದಿ. ಮತ್ತೆ ನಿರ್ಮಾಪಕರ ಮುಂದೆ ಕೂರುವುದು ಅದಾದ ಮೇಲೆ ಸಾಕು.